20 ಲೀಟರ್‌ನಿಂದ 1000 ಲೀಟರ್‌ಗೆ: ಮನೆಯ ಬಿಯರ್ ರೆಸಿಪಿಯನ್ನು 50ರಿಂದ ಗುಣಿಸಿದರೆ ಸಾಕೇ?

ಮೊದಲನೊರೆ

ಮನೆಯಲ್ಲಿ 20 ಲೀಟರ್ ಅಳತೆಗೆ ಹದವಾಗಿ ಕೂತಿರುವ ಒಂದು ಪೇಲ್ ಏಲ್ ರೆಸಿಪಿಯನ್ನು 1000 ಲೀಟರ್‌ನ ಬ್ರೂವರಿಯಲ್ಲಿ ಮಾಡಬೇಕು. ರೆಸಿಪಿ ಇಷ್ಟು: ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 4.5 ಕೆಜಿ, ಅದರಲ್ಲಿ 300 ಗ್ರಾಂ ಬಣ್ಣ, ಸಿಹಿ ಕೊಡುವ ಕ್ರಿಸ್ಟಲ್ ಮಾಲ್ಟ್. ಮ್ಯಾಶ್ (ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವುದು) 67 ಡಿಗ್ರಿ ಸೆಲ್ಸಿಯಸ್, 60 ನಿಮಿಷ. ಆರಂಭದ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆಯ ಅಳತೆ) 1.050, ಕೊನೆಯದು 1.010. ಕಹಿ, ಘಮ ಕೊಡುವ ಹಾಪ್ಸ್ ಹೂ ಎಲ್ಲವೂ 10% ಆಲ್ಫಾ (ಕಹಿಯ ಮೂಲವಾದ ಆಮ್ಲ) ಇರುವಂಥದ್ದು: 60 ನಿಮಿಷದ ಕುದಿಗೆ 20 ಗ್ರಾಂ, 10 ನಿಮಿಷಕ್ಕೆ 20 ಗ್ರಾಂ, ಒಲೆ ಆರಿಸಿದ ಮೇಲೆ 40 ಗ್ರಾಂ, ಹುದುಗಿದ ಮೇಲೆ ಹಾಕುವ ಡ್ರೈ ಹಾಪ್ 100 ಗ್ರಾಂ. ಒಣ ಯೀಸ್ಟ್ 11.5 ಗ್ರಾಂ, 19 ಡಿಗ್ರಿಯಲ್ಲಿ ಹುದುಗುವಿಕೆ.

ಎಲ್ಲವನ್ನೂ 50ರಿಂದ ಗುಣಿಸಿದರೆ ಅದೇ ಬಿಯರ್ ಬರುತ್ತದೆಯೇ? ಬರದಿದ್ದರೆ ಎಲ್ಲೆಲ್ಲಿ ತಪ್ಪುತ್ತದೆ? ದೊಡ್ಡ ಪಾತ್ರೆಯಲ್ಲಿ ಮಾಡುವುದು ಅದೇ ಕೆಲಸವೋ, ಬೇರೆಯೇ ಕೆಲಸವೋ ತಿಳಿಯಬೇಕಾಗಿದೆ.

ಗಸಿಗಣಿತ

ಗುಣಿಸಬೇಡಿ. ಮಾಲ್ಟ್ ಲೆಕ್ಕವೇ ಮೊದಲು ಕೈಕೊಡುತ್ತದೆ.

ಒಳ್ಳೆಯ ಪೇಲ್ ಮಾಲ್ಟ್ 1 ಕೆಜಿಯ ಸತ್ವವೆಲ್ಲ 10 ಲೀಟರ್‌ಗೆ ಇಳಿದರೆ ಗ್ರಾವಿಟಿ ಸುಮಾರು 1.0305 ಆಗುತ್ತದೆ. ಒಂದು ಲೀಟರ್‌ನಲ್ಲಿ 0.001 ಗ್ರಾವಿಟಿಯನ್ನು ಒಂದು ಅಂಕ ಎಂದರೆ ಕೆಜಿಗೆ 305 ಅಂಕ. ನಿಮಗೆ ಬೇಕಾದದ್ದು 20 ಲೀಟರ್‌ಗೆ 50ರಂತೆ 1000 ಅಂಕ. 4.5 ಕೆಜಿಯಲ್ಲಿ ಇರುವುದು 1372. ಹಾಗಾಗಿ ನಿಮ್ಮ ಮನೆಯ ದಕ್ಷತೆ ಸುಮಾರು 73%. ಮನೆಮಟ್ಟಿಗೆ ಇದು ಚೆನ್ನಾಗಿಯೇ ಇದೆ.

ಬಸಿಯುವ ವ್ಯವಸ್ಥೆ ಸರಿಯಾಗಿರುವ ಸಣ್ಣ ಬ್ರೂವರಿಯಲ್ಲಿ 85ರಿಂದ 90% ಸಿಗುತ್ತದೆ. 88 ಎಂದಿಟ್ಟುಕೊಳ್ಳಿ. 50,000 ಅಂಕಕ್ಕೆ 186 ಕೆಜಿ ಸಾಕು. ಗುಣಿಸಿ 225 ಕೆಜಿ ಸುರಿದರೆ ಗ್ರಾವಿಟಿ 1.060 ಆಗುತ್ತದೆ. 5.25% ಮದ್ಯಾಂಶ ಇರಬೇಕಾದ ಬಿಯರ್ 6.3% ಆಗಿ ನಿಲ್ಲುತ್ತದೆ, ಹೆಸರು ಮಾತ್ರ ಹಳೆಯದು.

ಈ ವ್ಯತ್ಯಾಸಕ್ಕೆ ಕಾರಣ ಒಂದಲ್ಲ. ಮನೆಯ ಎರಡು ರೋಲರ್ ಗಿರಣಿಯಲ್ಲಿ ಸಂದು 0.9ರಿಂದ 1 ಮಿಮೀ ಇಟ್ಟು ಒಡೆಯುತ್ತೇವೆ. ನಾಲ್ಕು ಅಥವಾ ಆರು ರೋಲರ್ ಇರುವ ಗಿರಣಿ ಹೊಟ್ಟನ್ನು ಹರಿಯದೆ ಒಳಗಿನ ತಿರುಳನ್ನು ಇನ್ನೂ ಸಣ್ಣಗೆ ಮಾಡಿಕೊಡುತ್ತದೆ. ಎರಡನೆಯದು ಪಾತ್ರೆಯ ತಳದಲ್ಲಿ ಉಳಿಯುವ ದ್ರವ. ಮನೆಯಲ್ಲಿ ಜಾಲರಿಯ ಕೆಳಗೆ 1 ಲೀಟರ್ ಉಳಿದರೆ ಅದು 5% ನಷ್ಟ. ದೊಡ್ಡದರಲ್ಲಿ 15 ಲೀಟರ್ ಉಳಿದರೂ 1.5% ಅಷ್ಟೇ.

ಇನ್ನೊಂದು ವಿಷಯ. ಕುದಿಯುವ ವರ್ಟ್ (ಮಾಲ್ಟ್‌ನಿಂದ ಬಸಿದ ಸಿಹಿ ದ್ರವ) ತಣ್ಣಗಾದಾಗ 4% ಕುಗ್ಗುತ್ತದೆ. ಹುದುಗಿಸುವ ಪಾತ್ರೆಗೆ, ಅಂದರೆ ಫರ್ಮೆಂಟರ್‌ಗೆ, 1000 ಲೀಟರ್ ಬೇಕಾದರೆ ಹಂಡೆಯಲ್ಲಿ ಬಿಸಿಯಾಗಿದ್ದಾಗ 1040 ಕಾಣಬೇಕು. ಅದರ ಮೇಲೆ ಗಸಿಯಲ್ಲಿ ಹೋಗುವ ಪಾಲನ್ನೂ ಸೇರಿಸಿ. 20 ಲೀಟರ್‌ನಲ್ಲಿ ಈ 4% ಯಾರ ಕಣ್ಣಿಗೂ ಬೀಳುವುದಿಲ್ಲ, ಇಲ್ಲಿ ಅದು 40 ಲೀಟರ್.

ಕಹಿಮಾಪಕ

ಮಾಲ್ಟ್ ಹೆಚ್ಚಾದರೆ ನೀರು ಬೆರೆಸಿ ಸರಿಮಾಡಬಹುದು. ಕಹಿ ಹೆಚ್ಚಾದರೆ ಏನೂ ಮಾಡಲಾಗದು. ನನ್ನ ಪ್ರಕಾರ ಹೆಚ್ಚು ಕಾಳಜಿ ಬೇಕಾದದ್ದು ಹಾಪ್ಸ್ ವಿಷಯದಲ್ಲಿ.

ನಿಮ್ಮ ರೆಸಿಪಿಯನ್ನು ಮಾಮೂಲಿ ಸೂತ್ರಕ್ಕೆ ಹಾಕಿ ನೋಡಿ. 60 ನಿಮಿಷದ 20 ಗ್ರಾಂ ಸುಮಾರು 23 ಐಬಿಯು (ಕಹಿಯ ಅಳತೆ) ಕೊಡುತ್ತದೆ. 10 ನಿಮಿಷದ್ದು 8. ಒಲೆ ಆರಿಸಿದ ಮೇಲಿನ 40 ಗ್ರಾಂಗೆ ಸೂತ್ರ ಸೊನ್ನೆ ಹಾಕುತ್ತದೆ. ಒಟ್ಟು 31. ಮನೆಯಲ್ಲಿ ಈ ಸೊನ್ನೆ ಹೆಚ್ಚುಕಡಿಮೆ ನಡೆಯುತ್ತದೆ, ಏಕೆಂದರೆ ತಾಮ್ರದ ಸುರುಳಿ ಇಳಿಸಿ ನೀರು ಬಿಟ್ಟರೆ ಐದಾರು ನಿಮಿಷದಲ್ಲಿ ವರ್ಟ್ 80 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಕೆಳಗೆ ಆಲ್ಫಾ ಆಮ್ಲ ಕಹಿಯಾಗಿ ಮಾರ್ಪಡುವುದು ಬಹಳ ನಿಧಾನ.

ದೊಡ್ಡ ಬ್ರೂವರಿಯಲ್ಲಿ ಕುದಿ ನಿಂತ ಮೇಲೆ ವರ್ಲ್‌ಪೂಲ್ ಎಂಬ ಪಾತ್ರೆಯಲ್ಲಿ ಸುತ್ತಿಸಬೇಕು, 15-20 ನಿಮಿಷ ಗಸಿ ಕೂರಲು ಬಿಡಬೇಕು, ಆಮೇಲೆ ಶಾಖ ವಿನಿಮಯಕದ ಮೂಲಕ ಫರ್ಮೆಂಟರ್‌ಗೆ ಕಳುಹಿಸಲು ಮತ್ತೆ 45 ನಿಮಿಷ. ಕೊನೆಯ ಲೀಟರ್ ಹೊರಡುವ ತನಕವೂ ವರ್ಟ್ 90 ಡಿಗ್ರಿಯ ಮೇಲೆಯೇ ಇರುತ್ತದೆ. ಒಲೆ ಆರಿಸಿದ ಮೇಲಿನ 40 ಗ್ರಾಂ ಇಲ್ಲಿ 2 ಕೆಜಿ; ಆ ಹಾಪ್ಸ್‌ನ ಆಲ್ಫಾದಲ್ಲಿ 10% ಮಾತ್ರ ಬಳಕೆಯಾಯಿತು ಎಂದರೂ 20 ಐಬಿಯು ಸೇರಿತು. 10 ನಿಮಿಷಕ್ಕೆ ಹಾಕಿದ್ದು ಈಗ 45 ನಿಮಿಷದ್ದಕ್ಕೆ ಹತ್ತಿರ. 31 ಇದ್ದದ್ದು 60ರ ಹತ್ತಿರ ಬರುತ್ತದೆ.

ಮೂರು ದಾರಿಗಳಿವೆ. 60 ನಿಮಿಷದ ಪಾಲನ್ನು ಅರ್ಧಕ್ಕಿಂತ ಕಡಿಮೆ ಮಾಡುವುದು. 10 ನಿಮಿಷದ ಪಾಲನ್ನು ತೆಗೆದು ವರ್ಲ್‌ಪೂಲ್‌ಗೆ ಸೇರಿಸುವುದು. ವರ್ಲ್‌ಪೂಲ್ ಹಾಪ್ಸ್ ಹಾಕುವ ಮೊದಲು ವರ್ಟನ್ನು ಶಾಖ ವಿನಿಮಯಕದಲ್ಲಿ ಒಂದು ಸುತ್ತು ಹಾಯಿಸಿ 80ಕ್ಕೆ ಇಳಿಸಿಕೊಳ್ಳುವುದು. ಮೂರನೆಯದರಲ್ಲಿ ಘಮವೂ ಉಳಿಯುತ್ತದೆ. ಸೌಲಭ್ಯವಿದ್ದರೆ ನನ್ನ ಆಯ್ಕೆ ಅದೇ.

ಇದೇ ಬಿಸಿ ಕಾಯುವಿಕೆಯಿಂದ ಇನ್ನೊಂದು ತೊಂದರೆ, ಡಿಎಂಎಸ್. ಬೇಯಿಸಿದ ಮೆಕ್ಕೆಜೋಳದ ವಾಸನೆ ಅದರದ್ದೇ. ಮಾಲ್ಟ್‌ನಲ್ಲಿರುವ ಎಸ್‌ಎಂಎಂ ಎಂಬ ವಸ್ತು ಬಿಸಿಗೆ ಒಡೆದು ಇದಾಗುತ್ತದೆ. ಕುದಿಯುವಾಗ ಅದರ ಅರ್ಧಾಯುಷ್ಯ 38 ನಿಮಿಷದ ಆಸುಪಾಸು. 60 ನಿಮಿಷ ಕುದಿಸಿದರೆ ಮೂರನೇ ಒಂದು ಭಾಗ ಉಳಿಯುತ್ತದೆ, 90 ನಿಮಿಷಕ್ಕೆ ಐದನೇ ಒಂದು ಭಾಗ. ಕುದಿಯುವಾಗ ಹುಟ್ಟಿದ ಡಿಎಂಎಸ್ ಹಬೆಯೊಂದಿಗೆ ಹೋಗುತ್ತದೆ. ವರ್ಲ್‌ಪೂಲ್‌ನಲ್ಲಿ ಹುಟ್ಟಿದ್ದು ಹೋಗಲು ದಾರಿಯಿಲ್ಲದೆ ವರ್ಟ್‌ನಲ್ಲೇ ಉಳಿಯುತ್ತದೆ. ಪೇಲ್ ಏಲ್ ಮಾಲ್ಟ್ ಹೆಚ್ಚು ಕಾವಿನಲ್ಲಿ ಒಣಗಿದ್ದರಿಂದ ಎಸ್‌ಎಂಎಂ ಕಡಿಮೆ, ನಿಮಗೆ ಅಷ್ಟು ಭಯವಿಲ್ಲ. ಪಿಲ್ಸ್ನರ್ ಮಾಲ್ಟ್ ಆಗಿದ್ದರೆ 90 ನಿಮಿಷ ಕುದಿಸಿ ಎನ್ನುತ್ತಿದ್ದೆ.

ಮೊದಲನೊರೆ

ಮನೆಯಲ್ಲಿ ಗಂಟೆಗೆ 3.5 ಲೀಟರ್ ಆವಿಯಾಗುತ್ತದೆ. ಅದನ್ನೂ 50ರಿಂದ ಗುಣಿಸುವಂತಿಲ್ಲ ಅಲ್ಲವೇ?

ಕಹಿಮಾಪಕ

ಇಲ್ಲ. ಅದು ಶೇಕಡಾ 14ರ ಹತ್ತಿರ. ಅಗಲ ಬಾಯಿಯ ಸಣ್ಣ ಪಾತ್ರೆಯಲ್ಲಿ ಹಾಗೆಯೇ ಆಗುವುದು. ಬ್ರೂವರಿಯ ಹಂಡೆಗಳಲ್ಲಿ ಸಾಮಾನ್ಯವಾಗಿ 4ರಿಂದ 8%. ಆದ್ದರಿಂದ ಕುದಿಯುವ ಮುಂಚಿನ ಗ್ರಾವಿಟಿಯ ಗುರಿಯೂ ಬದಲಾಗುತ್ತದೆ. ಮನೆಯಲ್ಲಿ 1.043ಕ್ಕೆ ಶುರುಮಾಡಿ 1.050ಕ್ಕೆ ಬರುತ್ತೀರಿ. ಅಲ್ಲಿ 1.047ಕ್ಕೆ ಶುರುವಾಗಬೇಕು. ಬಣ್ಣವೂ ಒಂದು ಕೂದಲೆಳೆ ತಿಳಿಯಾಗುತ್ತದೆ.

ಬಾರ್ಲಿಹೊಟ್ಟು

ಮ್ಯಾಶ್ ಬಗ್ಗೆ ಯಾರೂ ಹೇಳಲಿಲ್ಲ. 20 ಲೀಟರ್ ಪಾತ್ರೆಯಲ್ಲಿ 67 ಡಿಗ್ರಿಗೆ ಮ್ಯಾಶ್ ಮಾಡಿದರೆ ಒಂದು ಗಂಟೆಯಲ್ಲಿ 2-3 ಡಿಗ್ರಿ ಇಳಿಯುತ್ತದೆ, ಕಂಬಳಿ ಸುತ್ತಿದರೂ. ಅಂದರೆ ನೀವು 67 ಎಂದು ಬರೆದುಕೊಂಡದ್ದು ಸರಾಸರಿ 65.5. 186 ಕೆಜಿ ಮಾಲ್ಟ್‌ಗೆ ಕೆಜಿಗೆ 3 ಲೀಟರ್ ನೀರು ಹಾಕಿದರೆ ಮ್ಯಾಶ್ ಸುಮಾರು 680 ಲೀಟರ್. ಅಷ್ಟು ದೊಡ್ಡ ರಾಶಿ ಒಂದು ಗಂಟೆಯಲ್ಲಿ ಅರ್ಧ ಡಿಗ್ರಿಯೂ ಇಳಿಯುವುದಿಲ್ಲ. ಅಲ್ಲಿ 67 ಎಂದರೆ ಕೊನೆಯವರೆಗೂ 67. ಪಿಷ್ಟವನ್ನು ಹುದುಗುವ ಸಕ್ಕರೆ ಮಾಡುವ ಬೀಟಾ ಅಮೈಲೇಸ್ ಕಿಣ್ವ ಬೇಗ ಸಾಯುತ್ತದೆ, ಹುದುಗದ ಸಕ್ಕರೆ ಹೆಚ್ಚು ಉಳಿಯುತ್ತದೆ, ಬಿಯರ್ 1.010ರ ಬದಲು 1.013ಕ್ಕೆ ನಿಲ್ಲುತ್ತದೆ. 65.5ಕ್ಕೆ ಇಳಿಸಿ.

ಬಸಿಯುವುದು ನಿಜವಾದ ಪರೀಕ್ಷೆ. ಮನೆಯಲ್ಲಿ ಮ್ಯಾಶ್ ಕಟ್ಟಿಕೊಂಡರೆ ಸೌಟು ಹಾಕಿ ಕಲಕಿ ಮತ್ತೆ ಶುರುಮಾಡಬಹುದು, ಚೀಲದಲ್ಲಿ ಮಾಡುವವರು ಎತ್ತಿ ಹಿಂಡಿದರೆ ಮುಗಿಯಿತು. ದೊಡ್ಡದರಲ್ಲಿ ಆತುರದಿಂದ ಪಂಪ್ ಎಳೆದರೆ ಕಾಳಿನ ಹಾಸು ಒತ್ತಿಕೊಂಡು ಗೋಡೆಯಾಗುತ್ತದೆ. ಮೊದಲ 10 ನಿಮಿಷ ತಿಳಿಯಾಗುವ ತನಕ ಸುತ್ತಿಸಿ, ಆಮೇಲೆ ನಿಧಾನವಾಗಿ ಬಿಡಿ, ಒಟ್ಟು 75ರಿಂದ 90 ನಿಮಿಷ ಹಿಡಿಯಲಿ. ಕಟ್ಟಿಕೊಂಡರೆ ಪಂಪ್ ನಿಲ್ಲಿಸಿ, ಜಾಲರಿಯ ಕೆಳಗಿನಿಂದ 76 ಡಿಗ್ರಿಯ ನೀರು ಬಿಟ್ಟು ಹಾಸನ್ನು ಮೇಲಕ್ಕೆ ಎಬ್ಬಿಸಿ, ಕುಂಟೆ ಇದ್ದರೆ ಮೇಲ್ಭಾಗದಲ್ಲಷ್ಟೇ ಆಡಿಸಿ. ಗೋಧಿ ಅಥವಾ ಓಟ್ಸ್ ಹೆಚ್ಚಿದ್ದರೆ ಮೊದಲೇ ಭತ್ತದ ಹೊಟ್ಟು ಬೆರೆಸಿಟ್ಟಿರಿ.

ಕೊನೆಯಲ್ಲಿ ಬಸಿದು ಬರುವುದು 1.010ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ. ಅಲ್ಲಿಂದ ಮುಂದೆ ಪಿಎಚ್ ಏರಿ ಹೊಟ್ಟಿನ ಒಗರು ಇಳಿಯುತ್ತದೆ. 88% ದಕ್ಷತೆಯ ಆಸೆಗೆ ಅದನ್ನೂ ಹಿಂಡಬೇಡಿ.

ಗಸಿಗಣಿತ

65.5ರ ಮಾತನ್ನು ಪೂರ್ತಿ ಒಪ್ಪಲಾರೆ. ಕಾವು ಇಳಿಯುವುದಿಲ್ಲ, ನಿಜ. ಆದರೆ ಸಮಯವೂ ಬದಲಾಗುತ್ತದೆ. ಅಷ್ಟು ಮಾಲ್ಟ್ ಒಳಗೆ ಬೀಳಲು 15-20 ನಿಮಿಷ, ಬಸಿಯಲು ಒಂದೂವರೆ ಗಂಟೆ. 76ಕ್ಕೆ ಏರಿಸುವ ವ್ಯವಸ್ಥೆ ಇಲ್ಲದ ಬರೀ ಇನ್ಫ್ಯೂಷನ್ ಪಾತ್ರೆಯಾದರೆ ಕಿಣ್ವಗಳು ಅಷ್ಟೂ ಹೊತ್ತು ಕೆಲಸ ಮಾಡುತ್ತಿರುತ್ತವೆ. ಆಗ ಬಿಯರ್‌ನಲ್ಲಿ ಸಿಹಿ ಲೆಕ್ಕಕ್ಕಿಂತ ಕಡಿಮೆ ಉಳಿಯುವ ಸಾಧ್ಯತೆಯೂ ಇದೆ.

ಬಾರ್ಲಿಹೊಟ್ಟು

@ಗಸಿಗಣಿತ, ಸರಿ, ಮ್ಯಾಶ್ ಪಾತ್ರೆಗೆ ಹಬೆಯ ಜಾಕೆಟ್ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಜಾಕೆಟ್ ಇದ್ದರೆ 65.5, ಇಲ್ಲದಿದ್ದರೆ 66.5. ಎರಡರಲ್ಲೂ ಊಹೆ ಬೇಡ. ಫರ್ಮೆಂಟರ್‌ಗೆ ಹೋಗುವ ವರ್ಟ್‌ನಲ್ಲಿ 250 ಮಿಲಿ ತೆಗೆದು, ಬೇಕಾದ್ದಕ್ಕಿಂತ ಹತ್ತು ಪಟ್ಟು ಯೀಸ್ಟ್ ಹಾಕಿ, 25 ಡಿಗ್ರಿ ಮೇಲೆ ಆಗಾಗ ಕುಲುಕುತ್ತ 48 ಗಂಟೆ ಇಡಿ. ಅದು ಎಲ್ಲಿ ನಿಲ್ಲುತ್ತದೋ ದೊಡ್ಡ ಟ್ಯಾಂಕ್ ಕೂಡ ಅಲ್ಲಿಯೇ ನಿಲ್ಲಬೇಕು. ಟ್ಯಾಂಕ್ 1.014ರಲ್ಲಿ ನಿಂತು ಈ ಮಾದರಿ 1.010ಕ್ಕೆ ಹೋದರೆ ತಪ್ಪು ಯೀಸ್ಟ್‌ನಲ್ಲಿದೆ, ಮ್ಯಾಶ್‌ನಲ್ಲಲ್ಲ. ಮನೆಯಲ್ಲಿ ಮಾಡುವವರೂ ಈ ಪರೀಕ್ಷೆ ಮಾಡಬೇಕು, ಬಾಟಲಿ ಸಿಡಿಯುವ ಎಷ್ಟೋ ಪ್ರಸಂಗಗಳು ತಪ್ಪುತ್ತವೆ.

ತಣ್ಣೀರುಸಾಲು

ಹುದುಗುವಿಕೆಯ ಕಾವಿನ ಲೆಕ್ಕ ಕೊಡುತ್ತೇನೆ, ಏಕೆಂದರೆ ಮನೆಯ ಅನುಭವ ಇಲ್ಲಿ ದಾರಿತಪ್ಪಿಸುತ್ತದೆ.

ಯೀಸ್ಟ್ ಒಂದು ಕೆಜಿ ಸತ್ವವನ್ನು ಹುದುಗಿಸಿದಾಗ ಸುಮಾರು 587 ಕಿಲೋಜೂಲ್ ಶಾಖ ಹೊರಬೀಳುತ್ತದೆ. 1.050ರ ವರ್ಟ್‌ನಲ್ಲಿ ಲೀಟರ್‌ಗೆ ಹೆಚ್ಚುಕಡಿಮೆ 84 ಗ್ರಾಂ ನಿಜವಾಗಿ ಹುದುಗುತ್ತದೆ. ಲೀಟರ್‌ಗೆ 49 ಕಿಲೋಜೂಲ್ ಆಯಿತು. ಆ ಶಾಖ ಹೊರಗೆ ಹೋಗದಿದ್ದರೆ ಬಿಯರ್ 11-12 ಡಿಗ್ರಿ ಏರುತ್ತದೆ. 20 ಲೀಟರ್ ಡಬ್ಬದಲ್ಲಿ ಅದು ಗೋಡೆಯಿಂದ ಸೋರಿಹೋಗುವುದರಿಂದ ಕೋಣೆಗಿಂತ 3-4 ಡಿಗ್ರಿ ಮಾತ್ರ ಮೇಲಿರುತ್ತದೆ. ಅದೇ ಆಕಾರದ ಪಾತ್ರೆ 50 ಪಟ್ಟು ದೊಡ್ಡದಾದರೆ ಪ್ರತಿ ಲೀಟರ್‌ಗೆ ಸಿಗುವ ಗೋಡೆ 3.7 ಪಟ್ಟು ಕಡಿಮೆ. ಟ್ಯಾಂಕ್ ಸುತ್ತ ತಣ್ಣನೆ ದ್ರವ ಹರಿಸುವ ಗ್ಲೈಕಾಲ್ ಜಾಕೆಟ್ ಕೆಲಸ ಮಾಡದಿದ್ದರೆ 19ಕ್ಕೆ ಶುರುವಾದದ್ದು ಎರಡನೇ ದಿನ 28 ದಾಟಬಹುದು. ಆಗ ಬರುವುದು ಸಾಲ್ವೆಂಟ್ ವಾಸನೆ, ತಲೆನೋವಿನ ಘಾಟು.

ಟ್ಯಾಂಕ್‌ನ ಎತ್ತರವೂ ರುಚಿ ಬದಲಿಸುತ್ತದೆ. 3 ಮೀಟರ್ ದ್ರವದ ತಳದಲ್ಲಿ 0.3 ಬಾರ್ ಹೆಚ್ಚು ಒತ್ತಡ. ಇಂಗಾಲದ ಡೈಆಕ್ಸೈಡ್ ಹೆಚ್ಚು ಕರಗಿ ಉಳಿದು ಹಣ್ಣಿನ ಘಮ ಕೊಡುವ ಎಸ್ಟರ್‌ಗಳು ಕಡಿಮೆಯಾಗುತ್ತವೆ. 1000 ಲೀಟರ್‌ನ ಗಿಡ್ಡ ಟ್ಯಾಂಕ್‌ನಲ್ಲಿ ನಿಮ್ಮ ಪೇಲ್ ಏಲ್‌ಗೆ ಇದು ದೊಡ್ಡ ವಿಷಯವಲ್ಲ. ಬಾಳೆಹಣ್ಣಿನ ಘಮ ಬೇಕಾದ ಗೋಧಿ ಬಿಯರ್ ಆಗಿದ್ದರೆ ಮನೆಯ ಡಬ್ಬದ್ದೇ ಮೇಲುಗೈ. ದೊಡ್ಡ ಟ್ಯಾಂಕ್‌ನಲ್ಲಿ ಅಷ್ಟು ಘಮ ತರಲು ಒಂದೆರಡು ಡಿಗ್ರಿ ಏರಿಸಬೇಕು, ಯೀಸ್ಟ್ ಸ್ವಲ್ಪ ಕಡಿಮೆ ಹಾಕಬೇಕು.

ಕೋನಾಕಾರದ ತಳಕ್ಕೆ ಎಷ್ಟೋ ಟ್ಯಾಂಕ್‌ಗಳಲ್ಲಿ ಜಾಕೆಟ್ ಇರುವುದಿಲ್ಲ. ಅಲ್ಲಿ ಕೂತ ಯೀಸ್ಟ್ ಒಳಗೊಳಗೇ ಬಿಸಿಯಾಗಿ ಸಾಯುತ್ತದೆ, ಮಾಂಸದ ಸಾರಿನಂಥ ರುಚಿ ಬಿಡುತ್ತದೆ. ತಣಿಸಿದ ಮೇಲೆ ಎರಡು ದಿನಕ್ಕೊಮ್ಮೆ ಕೆಳಗಿನಿಂದ ಬಿಡಿ. ಮನೆಯ ಡಬ್ಬದಲ್ಲಿ ತೆಳುವಾಗಿ ಹರಡಿದ ಗಸಿ ಮೂರ್ನಾಲ್ಕು ವಾರ ಇದ್ದರೂ ಅಂಥ ಹಾನಿ ಮಾಡುವುದಿಲ್ಲ.

ಮೊದಲನೊರೆ

ಯೀಸ್ಟ್ 11.5 ಗ್ರಾಂ × 50 = 575 ಗ್ರಾಂ. ಇದಾದರೂ ಸರಿಯೇ?

ಹುದುಗುಲೆಕ್ಕ

ಇದು ಮಾತ್ರ ಸರಿ. ಒಣ ಏಲ್ ಯೀಸ್ಟ್‌ಗೆ 100 ಲೀಟರ್‌ಗೆ 50ರಿಂದ 80 ಗ್ರಾಂ ವಾಡಿಕೆಯ ಅಳತೆ, 575 ಅದರೊಳಗೆ ಬರುತ್ತದೆ. ತಣ್ಣಗೆ ಹುದುಗುವ ಲಾಗರ್ ಬಿಯರ್ ಆದರೆ 80ರಿಂದ 120. ಒಣ ಯೀಸ್ಟ್ ತನ್ನ ಬೆಳವಣಿಗೆಗೆ ಬೇಕಾದ ಕೊಬ್ಬಿನಂಥ ಸ್ಟೆರಾಲ್ ಒಳಗೇ ಕೂಡಿಟ್ಟುಕೊಂಡು ಬರುವುದರಿಂದ ಮೊದಲ ಸಲ ವರ್ಟ್‌ಗೆ ಆಮ್ಲಜನಕ ಕೊಡುವ ಅಗತ್ಯವೂ ಅಷ್ಟಿಲ್ಲ.

ಆದರೆ ಬ್ರೂವರಿ ಪ್ರತಿ ಸಲ ಹೊಸ ಯೀಸ್ಟ್ ಕೊಳ್ಳುವುದಿಲ್ಲ. ಕೋನದ ತಳದಿಂದ ತೆಗೆದದ್ದನ್ನೇ ಮುಂದಿನದಕ್ಕೆ ಹಾಕುತ್ತದೆ, ಐದರಿಂದ ಹತ್ತು ತಲೆಮಾರಿನ ತನಕ. ಇಲ್ಲಿ ಸೂಕ್ಷ್ಮದರ್ಶಕ ಇಲ್ಲದೆ ಹೆಜ್ಜೆ ಇಡಬಾರದು. ಏಲ್‌ಗೆ ಪ್ರತಿ ಮಿಲಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ತೂಕದಲ್ಲಿ ಶೇಕಡಾ ಒಂದು ಸಕ್ಕರೆ) 7.5 ಲಕ್ಷ ಜೀವಂತ ಕೋಶ ಬೇಕು. ಲಾಗರ್‌ಗೆ ಅದರ ಎರಡರಷ್ಟು. 1.050 ಎಂದರೆ 12.4 ಪ್ಲೇಟೋ. 20 ಲೀಟರ್‌ಗೆ 18,600 ಕೋಟಿ ಕೋಶ. 1000 ಲೀಟರ್‌ಗೆ 9.3 ಲಕ್ಷ ಕೋಟಿ.

ಎಣಿಸುವುದು ಹೀಗೆ. ಯೀಸ್ಟ್ ಗಸಿಯನ್ನು ಸಾವಿರಕ್ಕೆ ಒಂದರಂತೆ ತೆಳು ಮಾಡಿ, ಮೆಥಿಲೀನ್ ಬ್ಲೂ ಬೆರೆಸಿ, ಕೋಶ ಎಣಿಸಲು ಚೌಕ ಕೊರೆದ ಹೀಮೋಸೈಟೋಮೀಟರ್ ಗಾಜಿನ ಮೇಲೆ ಹನಿ ಬಿಡಿ. ನಡುವಿನ 25 ಚೌಕಗಳಲ್ಲಿ ನೀಲಿಯಾಗದವು ಜೀವಂತ, ನೀಲಿಯಾದವು ಸತ್ತವು. ಜೀವಂತ 120 ಸಿಕ್ಕರೆ 120ನ್ನು 10,000ದಿಂದ, ಮತ್ತೆ 1000ದಿಂದ ಗುಣಿಸಿ. ಮಿಲಿಗೆ 120 ಕೋಟಿ. ಆ ಗಸಿ ನಿಮಗೆ 7.75 ಲೀಟರ್ ಬೇಕು. ಜೀವಂತ ಕೋಶ 90%ಗಿಂತ ಕಡಿಮೆ ಇದ್ದರೆ ಆ ಗಸಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಮರುಬಳಕೆಯ ಯೀಸ್ಟ್‌ಗೆ ಆಮ್ಲಜನಕ ಬೇಕೇ ಬೇಕು, 8ರಿಂದ 10 ಪಿಪಿಎಂ (ಲೀಟರ್‌ಗೆ ಮಿಗ್ರಾಂ). ಬ್ರೂವರಿಯಲ್ಲಿ ತಣ್ಣಗಾದ ವರ್ಟ್ ಹರಿಯುವ ಕೊಳವೆಯಲ್ಲೇ ಶುದ್ಧ ಆಮ್ಲಜನಕ ಬಿಡುತ್ತಾರೆ. ಮನೆಯಲ್ಲಿ ಡಬ್ಬ ಕುಲುಕಿ ಗಾಳಿಯಿಂದ ಪಡೆಯಬಹುದಾದ ಗರಿಷ್ಠ 8. ಸಿಲಿಂಡರ್ ಮತ್ತು ಸಣ್ಣ ರಂಧ್ರದ ಕಲ್ಲು ಇದ್ದರೆ ನಿಮಿಷಕ್ಕೆ 1 ಲೀಟರ್‌ನಂತೆ ಒಂದು ನಿಮಿಷ ಸಾಕು.

ಶುದ್ಧ ಯೀಸ್ಟ್ ಸಾಕುವ ಈ ವಿದ್ಯೆ ಹುಟ್ಟಿದ್ದೇ ಬ್ರೂವರಿಯಲ್ಲಿ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಯೀಸ್ಟನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ. ನಾವು ಮ್ಯಾಶ್‌ನಲ್ಲಿ ಅಳೆಯುವ ಪಿಎಚ್ ಮಾಪನವನ್ನು ಸೋರೆನ್‌ಸನ್ 1909ರಲ್ಲಿ ಕೊಟ್ಟದ್ದೂ ಅದೇ ಪ್ರಯೋಗಾಲಯದಿಂದ.

ಕೋನತಳ

ರೆಸಿಪಿಯ ಮಾತು ಸಾಕಷ್ಟಾಯಿತು. ಬ್ರೂವರಿಯ ದಿನದಲ್ಲಿ ಹೆಚ್ಚು ಹೊತ್ತು ಹೋಗುವುದು ತೊಳೆಯುವುದಕ್ಕೆ. ಮನೆಯ ಕೆಲಸಕ್ಕೂ ಇದಕ್ಕೂ ಇರುವ ಅತಿದೊಡ್ಡ ಅಂತರ ಅದೇ, ಅಪಾಯವೂ ಅಲ್ಲೇ.

ಮನೆಯಲ್ಲಿ ಸೋಡಿಯಂ ಪರ್ಕಾರ್ಬೊನೇಟ್ ಬಿಸಿನೀರಿನಲ್ಲಿ ನೆನೆಹಾಕಿ, ಮೆತ್ತನೆ ಬಟ್ಟೆಯಿಂದ ಉಜ್ಜಿ, ಗಲಬರಿಸಿ, ಕೊನೆಗೆ ಫಾಸ್ಫಾರಿಕ್ ಆಮ್ಲದ ಸ್ಯಾನಿಟೈಸರ್ ಸುತ್ತಿಸಿದರೆ ಮುಗಿಯಿತು. ಕಣ್ಣಿಗೆ ಕಾಣದ ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬವನ್ನು ಆಗಾಗ ಬದಲಿಸಬೇಕು ಅಷ್ಟೇ.

1000 ಲೀಟರ್ ಟ್ಯಾಂಕ್‌ನೊಳಗೆ ಕೈ ಹೋಗುವುದಿಲ್ಲ. ಪಂಪ್ ಮತ್ತು ಸ್ಪ್ರೇ ಬಾಲ್‌ಗಳೇ ಕೈ. ಕ್ರಮ ಇದು: ಮೊದಲು ನೀರಿನಿಂದ ಗಸಿ ಹೋಗುವ ತನಕ ಗಲಬರಿಸುವುದು. 2% ಕಾಸ್ಟಿಕ್ ಸೋಡಾ 60-70 ಡಿಗ್ರಿಯಲ್ಲಿ 30 ನಿಮಿಷ ಸುತ್ತಿಸುವುದು. ನೀರು. ನೈಟ್ರಿಕ್-ಫಾಸ್ಫಾರಿಕ್ ಆಮ್ಲ 1-1.5%, 20 ನಿಮಿಷ, ಬಿಯರ್ ಕಲ್ಲು ಎಂದು ಕರೆಯುವ ಕ್ಯಾಲ್ಸಿಯಂ ಆಕ್ಸಲೇಟ್ ಪದರ ಬಿಡಿಸಲು. ಮತ್ತೆ ನೀರು. ತುಂಬುವ ಮುಂಚೆ ಪೆರಾಸಿಟಿಕ್ ಆಮ್ಲ 150-200 ಪಿಪಿಎಂ. ಕೊಳವೆಗಳಲ್ಲಿ ಹರಿವು ಸೆಕೆಂಡಿಗೆ 1.5 ಮೀಟರ್ ಆದರೂ ಇರಬೇಕು, ಇಲ್ಲದಿದ್ದರೆ ಗೋಡೆಗೆ ಅಂಟಿದ್ದು ಬಿಡುವುದಿಲ್ಲ.

ಈಗ ಜೀವಕ್ಕೆ ಸಂಬಂಧಿಸಿದ ಮಾತು. ಬಿಯರ್ ಖಾಲಿಯಾದ ಟ್ಯಾಂಕ್ ತುಂಬ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದನ್ನು ಹೊರಹಾಕದೆ ಕಾಸ್ಟಿಕ್ ಬಿಟ್ಟರೆ ಎರಡೂ ಸೇರಿ ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಕಾಸ್ಟಿಕ್‌ನ ಶಕ್ತಿ ಹಾಳು, ಜೊತೆಗೆ ಅನಿಲ ಮಾಯವಾಗಿ ಒಳಗೆ ನಿರ್ವಾತ ಉಂಟಾಗಿ ಸ್ಟೀಲ್ ಟ್ಯಾಂಕ್ ಡಬ್ಬಿಯಂತೆ ಒಳಕ್ಕೆ ಕುಸಿಯುತ್ತದೆ. ಬಿಸಿ ಟ್ಯಾಂಕ್ ಮುಚ್ಚಿ ತಣ್ಣೀರು ಸಿಂಪಡಿಸಿದರೂ ಅದೇ ಗತಿ. ಒತ್ತಡ ತಾಳುವ ಟ್ಯಾಂಕ್ ನಿರ್ವಾತ ತಾಳುತ್ತದೆ ಎಂದುಕೊಳ್ಳಬೇಡಿ. ಗಾಳಿಯ ದಾರಿ ತೆರೆದಿಟ್ಟೇ ತೊಳೆಯಿರಿ.

ಆ ಅನಿಲ ತುಂಬಿದ ಟ್ಯಾಂಕ್‌ನೊಳಗೆ ತಲೆ ಹಾಕುವುದು ಸಾವಿಗೆ ತಲೆ ಕೊಟ್ಟಂತೆ. ಬಿದ್ದವರನ್ನು ಎತ್ತಲು ಹೋದವರೂ ಬೀಳುತ್ತಾರೆ. ಮೀಟರ್ ಇಲ್ಲದೆ, ಹೊರಗೆ ಇನ್ನೊಬ್ಬರು ನಿಲ್ಲದೆ ಒಳಗೆ ಹೋಗಬಾರದು. ಕಾಸ್ಟಿಕ್ ಕೆಲಸಕ್ಕೆ ಕನ್ನಡಕ, ಉದ್ದ ಕೈಗವಸು, ಬೂಟು. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್‌ಗೆ ಹಾಕಬಾರದು. ಅಲ್ಯೂಮಿನಿಯಂ ಪಾತ್ರೆಗೆ ತಾಗಿಸಲೇಬೇಡಿ.

ಬಾರ್ಲಿಹೊಟ್ಟು

ಇದಕ್ಕೆ ಒಂದು ಸೇರಿಸುತ್ತೇನೆ. ಮಾಲ್ಟ್ ಒಡೆಯುವ ಜಾಗ ಫರ್ಮೆಂಟರ್‌ನಿಂದ ದೂರವಿರಲಿ, ಮನೆಯಲ್ಲೂ. ಮಾಲ್ಟ್ ಧೂಳಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ತುಂಬಿರುತ್ತದೆ. ದೊಡ್ಡ ಗಿರಣಿಯಲ್ಲಿ ಆ ಧೂಳು ಕಿಡಿ ತಾಗಿದರೆ ಸ್ಫೋಟಿಸುತ್ತದೆ. ಮತ್ತೆ 186 ಕೆಜಿ ಮಾಲ್ಟ್ ಬಸಿದ ಮೇಲೆ ಒದ್ದೆ ಚರಟ 220 ಕೆಜಿ ಆಗುತ್ತದೆ. ಅದನ್ನು ಎತ್ತುವುದು ಹೇಗೆ, ಹುಳಿಯುವ ಮೊದಲು ಎಲ್ಲಿಗೆ ಸಾಗಿಸುವುದು ಎಂದು ಮೊದಲೇ ಗೊತ್ತಿರಬೇಕು.

ತಿಳಿಬಿಯರ್

ಇಷ್ಟೆಲ್ಲ ಓದಿದರೆ ಮನೆಯ ಬಿಯರ್ ಬ್ರೂವರಿಯದ್ದಕ್ಕೆ ಎಂದೂ ಸಮ ಬರುವುದಿಲ್ಲ ಎಂದೇ ಅನ್ನಿಸುತ್ತದೆ.

ಕಹಿಮಾಪಕ

ಒಪ್ಪುವುದಿಲ್ಲ. ತಾಜಾತನದಲ್ಲಿ ಮನೆಯದ್ದೇ ಮುಂದೆ. ಟ್ಯಾಂಕ್‌ಗಳ ದಿನಲೆಕ್ಕವನ್ನೇ ನೋಡಿ. ಒಂದು ಏಲ್ ಟ್ಯಾಂಕ್‌ನಲ್ಲಿ 14 ದಿನ ಇದ್ದರೆ ವರ್ಷಕ್ಕೆ 26 ಸಲ ತುಂಬಬಹುದು, 35 ದಿನದ ಲಾಗರ್ ಆದರೆ ಹತ್ತೇ ಸಲ. ಹಾಗಾಗಿ ಬ್ರೂವರಿಗೆ ಪ್ರತಿ ದಿನವೂ ಭಾರ. ಮನೆಯಲ್ಲಿ ಲಾಗರನ್ನು ಎಂಟು ವಾರ ತಣ್ಣಗೆ ಮಲಗಿಸಿದರೂ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ಒಂದು ಸಲ ಹೊಗೆ ಮಾಲ್ಟ್, ಇನ್ನೊಂದು ಸಲ ಹುಳಿ ಬಿಯರ್ ಮಾಡಬಹುದು, ಕೆಟ್ಟರೆ 20 ಲೀಟರ್ ಚೆಲ್ಲಬಹುದು.

ಬ್ರೂವರಿಗೆ ನಿಜಕ್ಕೂ ಕಷ್ಟವಾದದ್ದು ಅದೇ ಬಿಯರನ್ನು ಮತ್ತೆ ಮತ್ತೆ ಮಾಡುವುದು. ಈ ವರ್ಷದ ಬಾರ್ಲಿ ಹೋದ ವರ್ಷದ್ದಲ್ಲ, ಹಾಪ್ಸ್ ಆಲ್ಫಾ 10 ಇದ್ದದ್ದು 8.5 ಆಗಿರುತ್ತದೆ. ಆದರೂ ಲೋಟದಲ್ಲಿ ವ್ಯತ್ಯಾಸ ಕಾಣಬಾರದು. ಮನೆಯಲ್ಲಿ ಇದನ್ನು ಪರೀಕ್ಷಿಸಿಕೊಳ್ಳಬೇಕೆಂದರೆ ಒಂದೇ ರೆಸಿಪಿಯನ್ನು ಎರಡು ಸಲ ಮಾಡಿ, ಮೂರು ಲೋಟದಲ್ಲಿ ಎರಡಕ್ಕೆ ಒಂದನ್ನು, ಮೂರನೆಯದಕ್ಕೆ ಇನ್ನೊಂದನ್ನು ಸುರಿದು, ಬೇರೆಯದು ಯಾವುದೆಂದು ಹತ್ತಾರು ಜನರನ್ನು ಕೇಳಿ. ಮೂರರಲ್ಲೊಬ್ಬರು ಊಹೆಯಿಂದಲೇ ಸರಿ ಹೇಳುತ್ತಾರೆ. ಅದಕ್ಕಿಂತ ಬಹಳ ಹೆಚ್ಚು ಜನ ಹೇಳಿದರೆ ನಿಮ್ಮ ಕೈ ಇನ್ನೂ ಕೂತಿಲ್ಲ.

ತಣ್ಣೀರುಸಾಲು

ತಾಜಾತನ ಸರಿ, ಆದರೆ ಬಾಟಲಿಗೆ ಹೋಗುವ ತನಕ ಮಾತ್ರ. ಮನೆಯ ಬಿಯರ್ ಸೋಲುವುದು ಆಮ್ಲಜನಕದ ಮುಂದೆ. 330 ಮಿಲಿ ಬಾಟಲಿಯಲ್ಲಿ ಮೇಲೆ 15 ಮಿಲಿ ಗಾಳಿ ಉಳಿದರೆ ಅದರಲ್ಲಿ 4 ಮಿಗ್ರಾಂ ಆಮ್ಲಜನಕ. ಲೀಟರ್ ಲೆಕ್ಕಕ್ಕೆ 12 ಪಿಪಿಎಂ ದಾಟಿತು. ಒಳ್ಳೆಯ ಬ್ರೂವರಿಗಳು ಗುರಿ ಇಡುವುದು 50 ಪಿಪಿಬಿ ಒಳಗೆ, ಅಂದರೆ 0.05 ಪಿಪಿಎಂ. ಬಾಟಲಿಯಲ್ಲಿ ಸಕ್ಕರೆ ಹಾಕಿ ಮರುಹುದುಗಿಸಿದರೆ ಯೀಸ್ಟ್ ಅದರಲ್ಲೊಂದು ಪಾಲು ತಿನ್ನುತ್ತದೆ, ಎಲ್ಲವನ್ನೂ ಅಲ್ಲ. ಹಾಪ್ಸ್ ಹೆಚ್ಚಿರುವ ಬಿಯರ್ ಮೂರು ವಾರದಲ್ಲಿ ಕಂದಾಗಿ ಒದ್ದೆ ರಟ್ಟಿನ ವಾಸನೆ ಹಿಡಿಯುವುದು ಇದರಿಂದಲೇ.

ಮನೆಯಲ್ಲಿ ಮಾಡಬಹುದಾದದ್ದು ಬೇಕಾದಷ್ಟಿದೆ. ಕೆಗ್ (ಸ್ಟೀಲ್ ಪೀಪಾಯಿ) ಇದ್ದರೆ ಅದನ್ನು ಕಂಠದವರೆಗೆ ಸ್ಯಾನಿಟೈಸರ್‌ನಿಂದ ತುಂಬಿ, ಇಂಗಾಲದ ಡೈಆಕ್ಸೈಡ್‌ನಿಂದ ಪೂರ್ತಿ ಹೊರದೂಡಿ, ಆಮೇಲೆ ಮುಚ್ಚಿದ ಕೊಳವೆಯಲ್ಲಿ ಬಿಯರ್ ಬಿಡಿ. ಬಾಟಲಿಯಾದರೆ ತಳದಿಂದ ತುಂಬಿ, ನೊರೆ ಬಾಯಿಗೆ ಬಂದಾಗ ನೊರೆಯ ಮೇಲೆಯೇ ಮುಚ್ಚಳ ಒತ್ತಿ. 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ಗೆ ಲೀಟರ್‌ಗೆ 6 ಗ್ರಾಂ ಸಕ್ಕರೆ, 20 ಲೀಟರ್‌ಗೆ 120 ಗ್ರಾಂ, ಒಟ್ಟು ಬಿಯರ್‌ನ ಗಾತ್ರದ 2.4 ಪಟ್ಟು ಅನಿಲದ ಕಾರ್ಬೊನೇಶನ್ ಕೊಡುತ್ತದೆ. ತೂಕ ಮಾಡಿ ಹಾಕಿ, ಚಮಚದ ಅಳತೆ ಬೇಡ.

ಮೊದಲನೊರೆ

ಎಲ್ಲರ ಮಾತನ್ನೂ ಸೇರಿಸಿ 1000 ಲೀಟರ್‌ಗೆ ಹೀಗೆ ತಿದ್ದಿದೆ. ಪಾತ್ರೆಗೆ ಹಬೆಯ ಜಾಕೆಟ್ ಇದೆ.

ಮಾಲ್ಟ್ 186 ಕೆಜಿ, ಅದರಲ್ಲಿ ಕ್ರಿಸ್ಟಲ್ 12.4. ಮ್ಯಾಶ್ 65.5ಕ್ಕೆ 60 ನಿಮಿಷ, 76ಕ್ಕೆ ಏರಿಸಿ 90 ನಿಮಿಷ ಬಸಿಯುವುದು. ಕುದಿ 60 ನಿಮಿಷ. ಹಾಪ್ಸ್ 60 ನಿಮಿಷಕ್ಕೆ 500 ಗ್ರಾಂ, 10 ನಿಮಿಷದ್ದಿಲ್ಲ, ವರ್ಟ್ 80ಕ್ಕೆ ಇಳಿಸಿ ವರ್ಲ್‌ಪೂಲ್‌ಗೆ 3 ಕೆಜಿ. ಒಣ ಯೀಸ್ಟ್ 575 ಗ್ರಾಂ, 19 ಡಿಗ್ರಿ. ಡ್ರೈ ಹಾಪ್ 5 ಕೆಜಿ ಒಂದೇ ಸಲಕ್ಕೆ, ಮೂರು ದಿನ, ಆಮೇಲೆ ತಣಿಸುವುದು.

ಕಹಿಮಾಪಕ

ಕಹಿಯ ಲೆಕ್ಕ ಸರಿಯಿದೆ. 60 ನಿಮಿಷದ್ದು 11-12, ವರ್ಲ್‌ಪೂಲ್‌ನದ್ದು 15-20, ಒಟ್ಟು 30ರ ಆಸುಪಾಸು. ಡ್ರೈ ಹಾಪ್ ಸಾಲನ್ನು ಮಾತ್ರ ತಿದ್ದಿ.

5 ಕೆಜಿ ಪೆಲೆಟ್ (ಒತ್ತಿ ಮಾಡಿದ ಹಾಪ್ಸ್ ಗುಳಿಗೆ) ಒಂದೇ ಸಲ ಮೇಲಿನಿಂದ ಸುರಿದರೆ ಎರಡು ತೊಂದರೆ. ಬಿಯರ್‌ನಲ್ಲಿ ಕರಗಿದ ಅನಿಲ ಪೆಲೆಟ್ ತಾಗಿದ ಕೂಡಲೇ ನೊರೆಯಾಗಿ ಬಾಯಿಯಿಂದ ಉಕ್ಕುತ್ತದೆ. ಒತ್ತಡ ಪೂರ್ತಿ ಬಿಟ್ಟು, ಮೊದಲು ಅರ್ಧ ಕೆಜಿ ಹಾಕಿ ಕಾದು ನೋಡಿ ಮುಂದುವರಿಯಿರಿ. ಎರಡನೆಯದು, ಮುಳುಗಿದ ಪೆಲೆಟ್ ಕೋನದಲ್ಲಿ ಗಟ್ಟಿಯಾಗಿ ಕೂತು ಒಳಗಿನದು ಬಿಯರನ್ನು ಮುಟ್ಟುವುದೇ ಇಲ್ಲ. ಎರಡು ಪಾಲು ಮಾಡಿ ಒಂದು ದಿನದ ಅಂತರದಲ್ಲಿ ಹಾಕಿ, ಪ್ರತಿ ಪಾಲಿನ ಮಾರನೆಯ ದಿನ ತಳದಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟು ಎಬ್ಬಿಸಿ. ಮೊದಲ ಪಾಲಿಗೆ ಮುನ್ನ ಕೋನದ ಯೀಸ್ಟ್ ಹೊರಗೆ ಬಿಟ್ಟಿರಬೇಕು.

ಮತ್ತೆ ಮೂರು ದಿನ ಎಂದು ಕ್ಯಾಲೆಂಡರ್ ನೋಡಿ ತಣಿಸಬೇಡಿ. ಹಾಪ್ಸ್‌ನ ಕಿಣ್ವಗಳು ಹುದುಗದೆ ಉಳಿದ ಡೆಕ್ಸ್ಟ್ರಿನ್ ಎಂಬ ಸಕ್ಕರೆ ಒಡೆದು ಹುದುಗುವಿಕೆಯನ್ನು ಮತ್ತೆ ಎಬ್ಬಿಸುತ್ತವೆ. 1.010ರಲ್ಲಿ ನಿಂತದ್ದು ಇನ್ನೂ ಒಂದೆರಡು ಅಂಕ ಇಳಿಯಬಹುದು, ಜೊತೆಗೆ ಬೆಣ್ಣೆ ವಾಸನೆಯ ಡೈಅಸಿಟೈಲ್ ಹುಟ್ಟುತ್ತದೆ. ಎರಡು ಮುಚ್ಚಿದ ಗಾಜಿನಲ್ಲಿ ಮಾದರಿ ತೆಗೆದು, ಒಂದನ್ನು 60-65 ಡಿಗ್ರಿ ನೀರಿನಲ್ಲಿ 20-30 ನಿಮಿಷ ಇಟ್ಟು ತಣಿಸಿ, ಇನ್ನೊಂದರ ಪಕ್ಕದಲ್ಲಿಟ್ಟು ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಟ್ಯಾಂಕನ್ನು ಇನ್ನೂ ಎರಡು ದಿನ 19-20ರಲ್ಲೇ ಬಿಟ್ಟು ಮತ್ತೆ ಪರೀಕ್ಷಿಸಿ. ಎರಡರಲ್ಲೂ ಬರದೆ, ಗ್ರಾವಿಟಿ ಎರಡು ದಿನ ಅಲುಗದೆ ನಿಂತ ಮೇಲೆ ಗ್ಲೈಕಾಲ್ ತಿರುಗಿಸಿ.

ಮೊದಲನೊರೆ

ತಿದ್ದಿದೆ: 2.5 ಕೆಜಿಯಂತೆ ಎರಡು ಪಾಲು, ಪ್ರತಿ ಪಾಲಿನ ಮಾರನೆಯ ದಿನ ಎಬ್ಬಿಸುವುದು, ಬಿಸಿ ಪರೀಕ್ಷೆ ಪಾಸಾದ ಮೇಲೆಯೇ 2 ಡಿಗ್ರಿಗೆ. ಫರ್ಮೆಂಟರ್‌ಗೆ ಹೋಗುವ ವರ್ಟ್‌ನಲ್ಲಿ 250 ಮಿಲಿ ಪರೀಕ್ಷೆಗೆ ತೆಗೆದಿಡುವುದನ್ನೂ ಹಾಳೆಯಲ್ಲಿ ಬರೆದುಕೊಂಡೆ.

ಗಸಿಗಣಿತ

88% ಎಂಬುದು ಆ ಬ್ರೂವರಿಯ ಹಿಂದಿನ ದಾಖಲೆಯಲ್ಲಿರುವ ಅಂಕಿಯೇ ಎಂದು ಮೊದಲು ಕೇಳಿಕೊಳ್ಳಿ. ದಾಖಲೆಯಲ್ಲಿ 82 ಇದ್ದರೆ ಮಾಲ್ಟ್ 200 ಕೆಜಿ ಬೇಕು.